ಗೊರಕೆಗೆ ಹಲ್ಲಿನ ಪ್ಲೇಟು: ಮಾಡಿಸುವ ಮುಂಚೆ, ಮಾಡಿಸುವಾಗ, ಮಾಡಿಸಿದ ಮೇಲೆ

ರಾತ್ರಿ ಎರಡು ಗಂಟೆ ಇರಬೇಕು, ನನಗೆ ಎಚ್ಚರವಾಯಿತು. ಗೊರಕೆ ಸದ್ದಿಗಲ್ಲ, ಅದು ನಿಂತುಹೋಗಿದ್ದಕ್ಕೆ. ಪಕ್ಕದಲ್ಲಿ ಯಜಮಾನರು ಅಂಗಾತ ಮಲಗಿದ್ದರು. ಎದೆ, ಹೊಟ್ಟೆ ಏರಿಳಿಯುತ್ತಿತ್ತು. ಆದರೆ ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ಮನಸ್ಸಿನಲ್ಲೇ ಎಣಿಸಲು ಶುರು ಮಾಡಿದೆ. ಇಪ್ಪತ್ತೆರಡಕ್ಕೆ ಬರುವಷ್ಟರಲ್ಲಿ ದೊಡ್ಡ ಸದ್ದು ಮಾಡಿ ಮಗ್ಗುಲಾದರು, ಉಸಿರು ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಬೆಳಿಗ್ಗೆ ಕೇಳಿದರೆ, "ಒಳ್ಳೇ ನಿದ್ದೆ ಬಂತು ಕಣೇ, ತಲೆ ಮಾತ್ರ ಯಾಕೋ ಭಾರ" ಅಂದರು.

ಅಲ್ಲಿಯವರೆಗೆ ಅವರ ಗೊರಕೆ ನಮ್ಮ ಕಡೆಯವರಿಗೆಲ್ಲ ತಮಾಷೆಯ ವಿಷಯವಾಗಿತ್ತು. ಮದುವೆ ಛತ್ರದಲ್ಲಿ ಜಮಖಾನೆ ಹಾಸಿ ಸಾಲಾಗಿ ಮಲಗುವಾಗ ಇವರನ್ನು ಬಾಗಿಲ ಹತ್ತಿರಕ್ಕೆ ಕಳಿಸುತ್ತಿದ್ದರು. ಅದು ಕಾಯಿಲೆಯ ಲಕ್ಷಣ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಈಗ ಮೂರು ವರ್ಷದಿಂದ ಅವರು ಹಲ್ಲಿನ ಡಾಕ್ಟರು ಅಳತೆ ತೆಗೆದು ಮಾಡಿಕೊಟ್ಟ ಸಾಧನ ಹಾಕಿಕೊಂಡು ಮಲಗುತ್ತಾರೆ. ನಮ್ಮನೇಲಿ ಅದಕ್ಕೆ 'ಪ್ಲೇಟು' ಅಂತಲೇ ಹೆಸರು. ಇದರ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರಲ್ಲ. ಓಡಾಡಿ, ಕೇಳಿ, ಓದಿ ತಿಳಿದುಕೊಂಡವಳು. ನಿಮ್ಮ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ ಆಗಿರಲಿ.

ಪ್ಲೇಟು ಮಾಡುವ ಕೆಲಸ ಏನು

ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಾಗ ಮೃದು ಅಂಗುಳ, ಕಿರುನಾಲಿಗೆ ಗಾಳಿಗೆ ಅದುರುತ್ತವೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿ 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಆಪ್ನಿಯ ಅನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ಮತ್ತೆ ಉಸಿರು. ಮಲಗಿದವರಿಗೆ ಇದೊಂದೂ ನೆನಪಿರುವುದಿಲ್ಲ.

ಈಗಲೇ ಒಂದು ಪ್ರಯೋಗ ಮಾಡಿ ನೋಡಿ. ಬೇಕಂತಲೇ ಗೊರಕೆ ಸದ್ದು ಮಾಡಿ. ಆಮೇಲೆ ಕೆಳದವಡೆಯನ್ನು ಆದಷ್ಟು ಮುಂದಕ್ಕೆ ಚಾಚಿಕೊಂಡು ಅದೇ ಸದ್ದು ಮಾಡಲು ನೋಡಿ. ಕಷ್ಟ ಅಲ್ವಾ? ದವಡೆ ಮುಂದೆ ಬಂದಾಗ ಅದಕ್ಕೆ ಅಂಟಿಕೊಂಡ ನಾಲಿಗೆಯೂ ಮುಂದೆ ಬರುತ್ತದೆ, ಗಂಟಲು ಅಗಲವಾಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರು ಪ್ರಜ್ಞೆ ತಪ್ಪಿದವರ ದವಡೆಯನ್ನು ಮುಂದಕ್ಕೆತ್ತಿ ಹಿಡಿಯುವುದೂ ಇದೇ ಕಾರಣಕ್ಕೆ. ಪ್ಲೇಟು ಆ ಕೆಲಸವನ್ನು ರಾತ್ರಿಯಿಡೀ ಮಾಡುತ್ತದೆ. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಕವಚ. ಎರಡನ್ನೂ ಕೂಡಿಸುವ ಭಾಗ ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದೆ ನಿಲ್ಲಿಸುತ್ತದೆ. ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. ಫ್ರಾನ್ಸಿನ ಪಿಯರ್ ರಾಬಿನ್ ಎಂಬ ವೈದ್ಯರು ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಚಿಕ್ಕ ದವಡೆಯ ಮಕ್ಕಳ ಉಸಿರಾಟಕ್ಕೆಂದು ಇಂಥ ಸಾಧನ ಬಳಸಿದ್ದರು.

ಮೊದಲ ಹೆಜ್ಜೆ ಪಕ್ಕದಲ್ಲಿ ಮಲಗುವವರದ್ದು

ಗೊರಕೆ ಹೊಡೆಯುವವರು "ನಾನೆಲ್ಲಿ ಹೊಡೀತೀನಿ?" ಅನ್ನುತ್ತಾರೆ. ಜಗಳ ಬೇಡ, ಮೊಬೈಲಿನಲ್ಲಿ ವಿಡಿಯೊ ಮಾಡಿ. ನಡುರಾತ್ರಿ ಮತ್ತು ಬೆಳಗಿನ ಜಾವ, ಎರಡು ಹೊತ್ತಿನದ್ದೂ ಇರಲಿ. ಮುಖದ ಜೊತೆ ಎದೆಯೂ ಕಾಣಬೇಕು. ಡಾಕ್ಟರಿಗೆ ನಮ್ಮ ಹತ್ತು ಮಾತಿಗಿಂತ ಆ ಎರಡು ನಿಮಿಷ ಹೆಚ್ಚು ಹೇಳುತ್ತದೆ.

ಆಮೇಲೆ ಈ ಎಂಟು ಪ್ರಶ್ನೆ ಕೇಳಿಕೊಳ್ಳಿ. ಕೆನಡಾದ ಟೊರೊಂಟೊದ ವೈದ್ಯರು ರೂಪಿಸಿದ ಇದಕ್ಕೆ ಸ್ಟಾಪ್-ಬ್ಯಾಂಗ್ ಅಂತ ಹೆಸರು. ಮುಚ್ಚಿದ ಬಾಗಿಲಾಚೆಗೂ ಕೇಳುವಷ್ಟು ಜೋರು ಗೊರಕೆಯೇ? ಹಗಲಲ್ಲಿ ಸುಸ್ತು, ತೂಕಡಿಕೆ ಇದೆಯೇ? ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿಪಿ ಇದೆಯೇ? ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 35 ದಾಟಿದೆಯೇ? ವಯಸ್ಸು 50 ದಾಟಿದೆಯೇ? ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ? ಗಂಡಸೇ? ಮೂರು ಅಥವಾ ಹೆಚ್ಚು ಪ್ರಶ್ನೆಗೆ ಹೌದು ಅಂತ ಬಂದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಒಂದು ಎಚ್ಚರಿಕೆ. ತೂಕ ಇಲ್ಲ ಅಂತ ಸುಮ್ಮನಾಗಬೇಡಿ. ದವಡೆ ಚಿಕ್ಕದಿದ್ದರೆ, ಹಿಂದೆ ಕೂತಿದ್ದರೆ ತೆಳ್ಳಗಿರುವವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಇದರ ಸಾಧ್ಯತೆ ಹೆಚ್ಚುತ್ತದೆ. ಅವರು ಸುಸ್ತು, ತಲೆನೋವು, ನಿದ್ದೆ ಬರಲ್ಲ ಅಂತ ಹೇಳಿಕೊಳ್ಳುವುದರಿಂದ ಗೊರಕೆಯ ಮಾತೇ ಬರುವುದಿಲ್ಲ.

ಡ್ರೈವಿಂಗ್ ವೃತ್ತಿಯವರು ದಯವಿಟ್ಟು ಇದನ್ನು ಮುಂದೂಡಬೇಡಿ. ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿಹೋಗುತ್ತಿದೆ ಅಂದರೆ ಆ ದಿನವೇ ಸ್ಟೀರಿಂಗ್ ಬಿಡಬೇಕು.

ಪರೀಕ್ಷೆ ಇಲ್ಲದೆ ಪ್ಲೇಟು ಬೇಡ

ಇಲ್ಲೇ ನಾವು ಎಡವಿದ್ದು. ಆನ್‌ಲೈನಿನಲ್ಲಿ ಗೊರಕೆ ನಿಲ್ಲಿಸುವ ರಬ್ಬರಿನಂಥ ಸಾಧನ ಸಿಗುತ್ತದಲ್ಲ, ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವಂಥದ್ದು, ಅದನ್ನು ತರಿಸಿದೆವು. ಎರಡನೇ ರಾತ್ರಿ ದಿಂಬಿನ ಮೇಲೆ ಬಿದ್ದಿತ್ತು. ನಾಲ್ಕನೇ ದಿನ ಯಜಮಾನರಿಗೆ ಬಾಯಿ ತೆರೆದರೆ ಕಿವಿ ಮುಂದಿನ ಕೀಲಿನಲ್ಲಿ ನೋವು. ದವಡೆ ಎಷ್ಟು ಮುಂದೆ ಬರಬೇಕು ಅಂತ ಅಳೆದವರಿಲ್ಲ, ಸ್ವಲ್ಪ ಹಿಂದೆ ಮುಂದೆ ಮಾಡುವ ವ್ಯವಸ್ಥೆ ಅದರಲ್ಲಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಕಾಯಿಲೆ ಎಷ್ಟಿದೆ ಅಂತಲೇ ಗೊತ್ತಿಲ್ಲದೆ ಮದ್ದು ಹುಡುಕಿದ್ದು.

ನಿದ್ರೆಯ ಪರೀಕ್ಷೆಗೆ ಕಿವಿ-ಮೂಗು-ಗಂಟಲು ಡಾಕ್ಟರು ಅಥವಾ ಶ್ವಾಸಕೋಶದ ಡಾಕ್ಟರು ಬರೆದುಕೊಡುತ್ತಾರೆ. ಎರಡು ಬಗೆ ಇದೆ. ಒಂದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ, ತಲೆಗೆ, ಎದೆಗೆ, ಕಾಲಿಗೆ ವೈರು ಅಂಟಿಸಿ ಮಾಡುವುದು. ಇನ್ನೊಂದು ಚಿಕ್ಕ ಯಂತ್ರ ಮನೆಗೇ ಕೊಡುವುದು, ಬೆರಳಿಗೊಂದು ಕ್ಲಿಪ್, ಮೂಗಿಗೊಂದು ನಳಿಕೆ, ಎದೆಗೊಂದು ಪಟ್ಟಿ. ಹೃದಯ, ಶ್ವಾಸಕೋಶದ ಬೇರೆ ತೊಂದರೆ ಇದ್ದವರಿಗೆ ಆಸ್ಪತ್ರೆಯದ್ದೇ ಸರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಪರೀಕ್ಷೆಯ ಲ್ಯಾಬ್ ಇದೆ, ದೊಡ್ಡ ಊರುಗಳ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ವಿಚಾರಿಸಬಹುದು.

ರಿಪೋರ್ಟಿನಲ್ಲಿ ಪುಟಗಟ್ಟಲೆ ಗೆರೆ, ಅಂಕಿ ಇರುತ್ತವೆ. ನೀವು ಮೊದಲು ಹುಡುಕಬೇಕಾದ ಅಂಕಿ ಎಎಚ್‌ಐ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅನ್ನುವ ಲೆಕ್ಕ ಅದು. 5ಕ್ಕಿಂತ ಕಡಿಮೆ ಇದ್ದರೆ ಸರಿ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ಮತ್ತು ಅದಕ್ಕೆ ಮೇಲ್ಪಟ್ಟರೆ ತೀವ್ರ. ಅದರ ಪಕ್ಕದಲ್ಲೇ ಆಮ್ಲಜನಕ ಎಷ್ಟಕ್ಕೆ ಇಳಿಯಿತು ಅಂತಲೂ ನೋಡಿ. ಯಜಮಾನರದ್ದು 19 ಬಂದಿತ್ತು. ಅಂದರೆ ಗಂಟೆಗೆ 19 ಸಲ! ಆ ಅಂಕಿ ನೋಡಿದ ಮೇಲೆ ನಮ್ಮನೇಲಿ ಗೊರಕೆಯ ತಮಾಷೆ ನಿಂತಿತು.

ಮಾಸ್ಕೋ, ಪ್ಲೇಟೋ?

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಉಸಿರು ನಿಲ್ಲುವುದನ್ನು ತಡೆಯುವುದರಲ್ಲಿ ಸಿ-ಪ್ಯಾಪ್ ಮೆಷಿನ್ನೇ ಬಲಶಾಲಿ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಪ್ರಕಟಿಸಿದ ಚಿಕಿತ್ಸೆ ಅದು. ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಡದಲ್ಲಿ ಕಳಿಸಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಎಎಚ್‌ಐ 30 ದಾಟಿದವರಿಗೆ ಮೊದಲು ಅದನ್ನೇ ಹೇಳುತ್ತಾರೆ, ಹೇಳಬೇಕು ಕೂಡ.

ಆದರೆ ಮೆಷಿನ್ನನ್ನು ಎರಡು ಗಂಟೆ ಹಾಕಿ ಕಿತ್ತಿಡುವವರು ಬಹಳ ಜನ. ಪ್ಲೇಟನ್ನು ಜನ ರಾತ್ರಿಯಲ್ಲಿ ಹೆಚ್ಚು ಹೊತ್ತು ಹಾಕಿಕೊಂಡಿರುತ್ತಾರೆ. ಹಾಗಾಗಿ ಸೌಮ್ಯ ಮತ್ತು ಮಧ್ಯಮ ಹಂತದಲ್ಲಿ, ಮಾಸ್ಕ್ ಒಗ್ಗದವರಿಗೆ ಇದು ಒಳ್ಳೆಯ ದಾರಿ. ಅಮೆರಿಕದ ನಿದ್ರಾ ವೈದ್ಯರ ಮತ್ತು ದಂತವೈದ್ಯರ ಸಂಘಗಳು 2015ರಲ್ಲಿ ಜಂಟಿಯಾಗಿ ಹೊರಡಿಸಿದ ಸೂಚನೆಯಲ್ಲೂ ಇದೇ ಇದೆ: ರೆಡಿಮೇಡ್ ಬೇಡ, ಬಾಯಿಯ ಅಳತೆಗೆ ಮಾಡಿದ, ಹೊಂದಿಸಿಕೊಳ್ಳಬಹುದಾದ ಸಾಧನವೇ ಆಗಬೇಕು ಅಂತ. ನಮ್ಮ ಕಡೆ ಇನ್ನೊಂದು ಅನುಕೂಲವೂ ಸೇರುತ್ತದೆ. ರಾತ್ರಿ ಕರೆಂಟು ಹೋದರೂ, ಸ್ಲೀಪರ್ ಬಸ್ಸಿನಲ್ಲಿ ಊರಿಗೆ ಹೊರಟರೂ ಪ್ಲೇಟಿಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಮೆಷಿನ್, ಪ್ರಯಾಣದಲ್ಲಿ ಪ್ಲೇಟು ಅಂತ ಎರಡನ್ನೂ ಇಟ್ಟುಕೊಂಡವರೂ ಇದ್ದಾರೆ.

ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ. ಸುಮಾರಾಗಿ ಮೂರರಲ್ಲಿ ಒಬ್ಬರಿಗೆ ತೊಂದರೆ ಪೂರ್ತಿ ಹತೋಟಿಗೆ ಬರುತ್ತದೆ, ಇನ್ನೊಬ್ಬರಿಗೆ ಗಣನೀಯವಾಗಿ ಕಡಿಮೆಯಾಗುತ್ತದೆ, ಮತ್ತೊಬ್ಬರಿಗೆ ಹೆಚ್ಚೇನೂ ಉಪಯೋಗವಾಗುವುದಿಲ್ಲ. ಅಂಗಾತ ಮಲಗಿದಾಗ ಮಾತ್ರ ಜೋರಾಗುವವರಿಗೆ, ತೂಕ ತೀರಾ ಹೆಚ್ಚಿಲ್ಲದವರಿಗೆ ಚೆನ್ನಾಗಿ ಹಿಡಿಯುವ ಸಾಧ್ಯತೆ ಜಾಸ್ತಿ. ಮೆದುಳಿನಿಂದಲೇ ಉಸಿರಿನ ಆಜ್ಞೆ ಬಾರದ ಇನ್ನೊಂದು ಬಗೆಯ ಆಪ್ನಿಯ ಇದೆ, ಅದಕ್ಕೆ ಪ್ಲೇಟು ಮದ್ದಲ್ಲ. ಮಕ್ಕಳ ಗೊರಕೆಗೂ ಅಷ್ಟೇ, ಮೊದಲು ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ತೋರಿಸಿ.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ

ಎಲ್ಲ ಹಲ್ಲಿನ ಡಾಕ್ಟರೂ ಇದನ್ನು ಮಾಡುವುದಿಲ್ಲ. ಗೊರಕೆ, ಆಪ್ನಿಯದ ಸಾಧನಗಳನ್ನು ಮಾಡಿ ರೂಢಿ ಇದೆಯೇ ಅಂತ ಫೋನಿನಲ್ಲೇ ಕೇಳಿ. ನಮ್ಮ ರಾಜ್ಯದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಹಲ್ಲು ಕಟ್ಟುವ ವಿಭಾಗದಲ್ಲೋ, ಹಲ್ಲಿಗೆ ಕ್ಲಿಪ್ ಹಾಕುವ ವಿಭಾಗದಲ್ಲೋ ವಿಚಾರಿಸಬಹುದು. ನಿದ್ರೆಯ ರಿಪೋರ್ಟ್ ಕೇಳದೆ ಸೀದಾ ಅಳತೆಗೆ ಕೂರಿಸುವವರಾದರೆ ನಾನಾಗಿದ್ದರೆ ಎದ್ದು ಬರುತ್ತೇನೆ.

ಮೊದಲ ಭೇಟಿಯಲ್ಲಿ ಬಾಯಿ ಇದಕ್ಕೆ ಒಗ್ಗುತ್ತದೆಯೇ ಅಂತ ನೋಡುತ್ತಾರೆ. ಮೇಲೆ, ಕೆಳಗೆ ಕನಿಷ್ಠ ಎಂಟು ಹತ್ತು ಗಟ್ಟಿ ಹಲ್ಲು ಬೇಕು, ಪ್ಲೇಟು ಹಿಡಿದುಕೊಳ್ಳುವುದು ಅವುಗಳನ್ನೇ. ವಸಡಿನಲ್ಲಿ ರಕ್ತ, ಅಲುಗುವ ಹಲ್ಲು, ಹುಳುಕು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಬಾಯಿ ತೆರೆದಾಗ ಕೀಲಿನಲ್ಲಿ ಟಕ್ ಅನ್ನುವ ಸದ್ದು, ನೋವು ಇದ್ದರೆ ಮುಚ್ಚಿಡದೆ ಹೇಳಿ. ಪೂರ್ತಿ ಹಲ್ಲು ಸೆಟ್ ಕಟ್ಟಿಸಿಕೊಂಡವರಿಗೆ ಈ ಪ್ಲೇಟು ಸಾಮಾನ್ಯವಾಗಿ ಆಗದು. ಅಂಥವರಿಗೆ ನಾಲಿಗೆಯನ್ನೇ ಮೆಲ್ಲಗೆ ಹೀರಿ ಮುಂದೆ ಹಿಡಿಯುವ ಬೇರೆ ಸಾಧನ ಇದೆ, ಒಗ್ಗಿಸಿಕೊಳ್ಳುವುದು ಸ್ವಲ್ಪ ಕಷ್ಟ. ಮೂಗು ಕಟ್ಟುವವರು, ಧೂಳಿನ ಅಲರ್ಜಿ ಇರುವವರು ಅದಕ್ಕೂ ಜೊತೆಯಲ್ಲೇ ಔಷಧಿ ತೆಗೆದುಕೊಳ್ಳಿ. ಮೂಗಿನಿಂದ ಉಸಿರಾಡಲು ಆಗದಿದ್ದರೆ ಬಾಯಲ್ಲಿ ಪ್ಲೇಟು ಇಟ್ಟುಕೊಳ್ಳುವುದು ಹಿಂಸೆ.

ಅಳತೆ ತೆಗೆಯುವುದು ಟ್ರೇಯಲ್ಲಿ ಹಿಟ್ಟಿನಂಥ ವಸ್ತು ತುಂಬಿ, ಅಥವಾ ಬಾಯೊಳಗೆ ಓಡಾಡುವ ಸ್ಕ್ಯಾನರಿನಲ್ಲಿ. ಟ್ರೇ ಇಟ್ಟಾಗ ವಾಕರಿಕೆ ಬಂದರೆ ಮುಂದಕ್ಕೆ ಬಾಗಿ, ಮೂಗಿನಲ್ಲಿ ನಿಧಾನಕ್ಕೆ ಉಸಿರಾಡಿ. ಇದಾದ ಮೇಲೆ ಬರುವ ಅಳತೆಯೇ ಮುಖ್ಯ. ಮುಳ್ಳುಚಮಚದಂಥ ಸಣ್ಣ ಮಾಪಕ ಕಚ್ಚಿಸಿ, ಕೆಳದವಡೆಯನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ತರಲು ಹೇಳುತ್ತಾರೆ. ಆ ಒಟ್ಟು ದೂರದ ಅರ್ಧದಿಂದ ಶೇ. 70ರ ಒಳಗೆ ಎಲ್ಲಾದರೂ ಶುರು ಮಾಡುವುದು ರೂಢಿ. ಯಜಮಾನರ ದವಡೆ ಒಟ್ಟು 11 ಮಿಲಿಮೀಟರ್ ಓಡುತ್ತಿತ್ತು, ಸುಮಾರು 6ಕ್ಕೆ ನಿಲ್ಲಿಸಿ ಶುರು ಮಾಡಿದರು.

ದುಡ್ಡಿನ ವಿಷಯ ಮುಂಚೆಯೇ ಮಾತಾಡಿ. ಹೇಳಿದ ಮೊತ್ತದಲ್ಲಿ ಸಾಧನ ಮಾತ್ರವೇ, ಮುಂದಿನ ಭೇಟಿಗಳೂ ಸೇರಿವೆಯೇ, ಒಡೆದರೆ ರಿಪೇರಿ ಯಾರ ಖರ್ಚು, ಇವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಚ್ಚು ತೆಗೆದ ಮಾದರಿಯನ್ನು ಜೋಪಾನ ಮಾಡಿಡಲು ಹೇಳಿ.

ಮೊದಲ ಕೆಲವು ವಾರ

ಪ್ಲೇಟು ಕೈಗೆ ಬಂದ ದಿನ ಕನ್ನಡಿ ಮುಂದೆ ನಿಂತು ಹತ್ತು ಸಲ ಹಾಕಿ ತೆಗೆದು ಕಲಿಯಿರಿ. ತೆಗೆಯುವಾಗ ಮುಂದಿನ ಹಲ್ಲಿನ ಹತ್ತಿರ ಹಿಡಿದು ಎಳೆಯಬೇಡಿ. ಎರಡೂ ಪಕ್ಕದ ಹಿಂದಿನ ಅಂಚನ್ನು ಬೆರಳಿನಿಂದ ಒಟ್ಟಿಗೆ ಸಡಿಲಿಸಿ. ಒಂದೇ ಕಡೆ ಎಳೆದರೆ ಬಿರುಕು ಬಿಡುತ್ತದೆ.

ಮೊದಲು ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ, ಒಂದು ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿ. ಜೊಲ್ಲು ಸುರಿಯುತ್ತದೆ, ದಿಂಬಿಗೆ ಟವೆಲ್ ಹಾಸಿ. ಕೆಲವರಿಗೆ ತದ್ವಿರುದ್ಧ, ಬಾಯಿ ಒಣಗುತ್ತದೆ. ಬೆಳಿಗ್ಗೆ ದವಡೆ ಬಿಗಿ, ಹಲ್ಲಿನಲ್ಲಿ ಸಣ್ಣ ನೋವು. ಇವೆಲ್ಲ ಕೆಲವು ವಾರದಲ್ಲಿ ಇಳಿಯುತ್ತವೆ. ಒಂದೇ ಹಲ್ಲು ಚುಚ್ಚಿದಂತೆ ನೋಯುತ್ತಿದ್ದರೆ, ವಸಡು ಹುಣ್ಣಾದರೆ ತಡೆದುಕೊಳ್ಳಬೇಡಿ. ಡಾಕ್ಟರು ಆ ಜಾಗವನ್ನು ತುಸು ಉಜ್ಜಿದರೆ ಸರಿಹೋಗುತ್ತದೆ. ಮನೆಯಲ್ಲಿ ಉಗುರು ಉಜ್ಜುವ ಅರದಿಂದ ನೀವೇ ಉಜ್ಜಬೇಡಿ.

ಬೆಳಿಗ್ಗೆ ಪ್ಲೇಟು ತೆಗೆದ ಕೂಡಲೇ ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಕುವುದೇ ಇಲ್ಲ, ಹೆದರಿಕೆಯಾಗುತ್ತದೆ. ರಾತ್ರಿಯೆಲ್ಲ ಮುಂದೆ ಇದ್ದ ದವಡೆ ಹಿಂದೆ ಬರಲು ಸ್ವಲ್ಪ ಹೊತ್ತು ಬೇಕು. ಅದಕ್ಕೆಂದೇ ಬೆಳಿಗ್ಗೆ ಕಚ್ಚುವ ಸಣ್ಣ ಅಚ್ಚು ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ. ಯಜಮಾನರು ಅದನ್ನು ಕಚ್ಚಿಕೊಂಡೇ ಪೇಪರ್ ಓದುತ್ತಾರೆ. ಆಮೇಲೆ ತೆಳ್ಳಗಿನ ಕಾಗದದ ಚೂರನ್ನು ದವಡೆ ಹಲ್ಲಿನ ನಡುವೆ ಇಟ್ಟು ಕಚ್ಚಿ ಎಳೆಯುತ್ತಾರೆ. ಎಡಕ್ಕೂ ಬಲಕ್ಕೂ ಕಾಗದ ಸಿಕ್ಕಿಕೊಂಡರೆ ದವಡೆ ಜಾಗಕ್ಕೆ ಬಂತು ಅಂತ ಲೆಕ್ಕ, ಆಮೇಲೇ ತಿಂಡಿ.

ಕೀಲಿ ತಿರುಗಿಸುವುದು, ಮತ್ತೆ ಪರೀಕ್ಷೆ

ನಮ್ಮ ಪ್ಲೇಟಿಗೆ ಎರಡೂ ಪಕ್ಕ ಸಣ್ಣ ಸ್ಕ್ರೂ ಇದೆ, ತಿರುಗಿಸಲು ಸೂಜಿಯಂಥ ಕೀಲಿ. ನಮ್ಮದರಲ್ಲಿ ಒಂದು ತಿರುವಿಗೆ ಕಾಲು ಮಿಲಿಮೀಟರ್, ಬೇರೆ ಮಾದರಿಯಲ್ಲಿ ಬೇರೆ ಇರುತ್ತದೆ. ಕೆಲವಕ್ಕೆ ಸ್ಕ್ರೂ ಬದಲು ಪಟ್ಟಿ ಬದಲಾಯಿಸುತ್ತಾರೆ. ಡಾಕ್ಟರು ಹೇಳಿದಷ್ಟು, ಹೇಳಿದ ದಿನವೇ, ಎರಡೂ ಕಡೆ ಸಮವಾಗಿ ತಿರುಗಿಸಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ "ಎಡ 1, ಬಲ 1" ಅಂತ ಬರೆಯುತ್ತಿದ್ದೆ. ನೋವು ಹೆಚ್ಚಾದರೆ ಒಂದು ತಿರುವು ಹಿಂದೆ ಹೋಗಿ ಡಾಕ್ಟರಿಗೆ ಫೋನು. ಬೇಗ ಗುಣವಾಗಲಿ ಅಂತ ಹಲವು ತಿರುವು ಒಟ್ಟಿಗೆ ತಿರುಗಿಸಿದರೆ ದವಡೆಯ ಕೀಲು ಕೆಡುತ್ತದೆ. ಈ ಹೊಂದಿಸುವ ಕೆಲಸಕ್ಕೆ ಕೆಲವು ತಿಂಗಳೇ ಹಿಡಿಯಬಹುದು.

ನಮಗೆ ಐದನೇ ವಾರದಲ್ಲಿ ಗೊರಕೆ ನಿಂತಿತು. ಎಷ್ಟೋ ವರ್ಷದ ಮೇಲೆ ಫ್ಯಾನಿನ ಸದ್ದು ಕೇಳಿಸಿತು ನನಗೆ. ಇನ್ನೇನು ಮುಗಿಯಿತು ಅಂದುಕೊಂಡೆವು. ಎರಡನೇ ಸಲ ನಿದ್ರೆಯ ಪರೀಕ್ಷೆ ಬೇಕೇ ಬೇಕು ಅಂತ ಡಾಕ್ಟರು ಪಟ್ಟು ಹಿಡಿದರು. ಪ್ಲೇಟು ಹಾಕಿಕೊಂಡೇ ಮಾಡಿಸಿದೆವು. ಎಎಚ್‌ಐ 13. ಸದ್ದು ಹೋಗಿತ್ತು, ಉಸಿರು ನಿಲ್ಲುವುದು ಹೋಗಿರಲಿಲ್ಲ. ಮತ್ತೆ ಒಂದೂವರೆ ಮಿಲಿಮೀಟರ್ ಮುಂದೆ ತಂದು, ಎಡಮಗ್ಗುಲಾಗಿ ಮಲಗುವುದು ರೂಢಿಯಾದ ಮೇಲೆ 4ಕ್ಕೆ ಬಂತು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಸದ್ದಿಲ್ಲ ಅಂದರೆ ಗುಣವಾಯಿತು ಅಂತಲ್ಲ. ಎರಡನೇ ಪರೀಕ್ಷೆಗೆ ದುಡ್ಡು ಮೊದಲೇ ಎತ್ತಿಡಿ.

ಪ್ಲೇಟಿನ ಜೊತೆಗೆ

ರಾತ್ರಿ ಮದ್ಯ ಕುಡಿದರೆ, ನಿದ್ದೆ ಮಾತ್ರೆ ನುಂಗಿದರೆ ಗಂಟಲು ಇನ್ನೂ ಸಡಿಲವಾಗುತ್ತದೆ, ಪ್ಲೇಟು ಸೋಲುತ್ತದೆ. ತೂಕದ ಪ್ರಭಾವವೂ ದೊಡ್ಡದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಶೇ. 10ರಷ್ಟು ಏರಿದವರ ಎಎಚ್‌ಐ ಸರಾಸರಿ ಶೇ. 32ರಷ್ಟು ಏರಿತ್ತು. ಶೇ. 10 ಇಳಿಸಿದವರದ್ದು ಶೇ. 26 ಇಳಿದಿತ್ತು.

ಬಿಪಿ ಮಾತ್ರೆ ತೆಗೆದುಕೊಳ್ಳುವವರು ಪ್ಲೇಟು ಬಂತು ಅಂತ ಮಾತ್ರೆ ಬಿಡಬೇಡಿ. ಯಾವುದೇ ಆಪರೇಷನ್‌ಗೆ ಹೋಗುವ ಮುಂಚೆ ಆಪ್ನಿಯ ಇದೆ ಅಂತ ಅರಿವಳಿಕೆ ಡಾಕ್ಟರಿಗೆ ಹೇಳಿ, ಪ್ಲೇಟನ್ನೂ ಆಸ್ಪತ್ರೆಗೆ ಒಯ್ಯಿರಿ.

ದಿನದ ಆರೈಕೆ, ವರ್ಷದ ತಪಾಸಣೆ

ತೆಗೆದ ಕೂಡಲೇ ತಣ್ಣೀರಿನಲ್ಲಿ ತೊಳೆದು, ಬೇರೆಯೇ ಒಂದು ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ. ಪೇಸ್ಟ್ ಬೇಡ, ಗೆರೆ ಬೀಳುತ್ತದೆ, ಆ ಗೆರೆಯಲ್ಲಿ ಕೊಳೆ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ಬಿಸಿನೀರು ತಾಕಿದರೆ ಆಕಾರವೇ ಕೆಡುತ್ತದೆ, ಬಿಸಿಲಿಗೆ ನಿಂತ ಕಾರಿನೊಳಗೂ ಬಿಡಬೇಡಿ. ಒರೆಸಿ, ಗಾಳಿಯಾಡುವ ಡಬ್ಬಿಯಲ್ಲಿಡಿ. ಟಿಶ್ಯೂನಲ್ಲಿ ಸುತ್ತಿಟ್ಟರೆ ಕಸದ ಬುಟ್ಟಿಗೆ ಹೋಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಎತ್ತರದಲ್ಲಿಡಿ, ಜೊಲ್ಲಿನ ವಾಸನೆಗೆ ಅವು ಕಚ್ಚಿ ಹಾಕುತ್ತವೆ.

ವರ್ಷಗಟ್ಟಲೆ ಹಾಕಿದಾಗ ಮೇಲಿನ ಮುಂದಿನ ಹಲ್ಲು ತುಸು ಹಿಂದಕ್ಕೆ, ಕೆಳಗಿನವು ಮುಂದಕ್ಕೆ ವಾಲಿ, ಕಚ್ಚುವ ರೀತಿ ಬದಲಾಗಬಹುದು. ಇದು ತುಂಬಾ ಜನರಲ್ಲಿ ಆಗುತ್ತದೆ. ಹಲವರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸಿ. ಶುರುವಿನಲ್ಲೇ ಹಲ್ಲಿನ ಫೋಟೊ ತೆಗೆಸಿಟ್ಟರೆ ಹೋಲಿಸಲು ಸುಲಭ. ಮಧ್ಯೆ ಹಲ್ಲಿಗೆ ಕ್ಯಾಪ್ ಹಾಕಿಸುವುದಿದ್ದರೆ, ಹಲ್ಲು ತುಂಬಿಸುವುದಿದ್ದರೆ ಪ್ಲೇಟನ್ನು ಜೊತೆಗೆ ಒಯ್ಯಿರಿ. ಹೊಸ ಕ್ಯಾಪ್ ಪ್ಲೇಟಿಗೆ ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಪ್ಲೇಟೇ ಕೂರುವುದಿಲ್ಲ.

ಮತ್ತೆ ಗೊರಕೆ ಶುರುವಾದರೆ, ಹಗಲು ತೂಕಡಿಕೆ ಬಂದರೆ, ತೂಕ ಏರಿದರೆ ಸ್ಕ್ರೂ ಸವೆದಿದೆಯೇ, ಕವಚ ಸಡಿಲವಾಗಿದೆಯೇ ಅಂತ ತೋರಿಸಿ, ನಿದ್ರೆಯ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿಸಿ. ನಮ್ಮ ಡಬ್ಬಿಯ ಮುಚ್ಚಳದ ಮೇಲೆ ಪ್ಲೇಟು ಕೊಟ್ಟ ತಾರೀಕು, ಕೊನೆಯ ಎಎಚ್‌ಐ, ಎಡಬಲದ ತಿರುವಿನ ಲೆಕ್ಕ ಮೂರನ್ನೂ ಮಾರ್ಕರಿನಲ್ಲಿ ಬರೆದಿದ್ದೇನೆ. ಪ್ರತಿ ಸಲ ಹೋದಾಗಲೂ ಡಾಕ್ಟರು ಮೊದಲು ಓದುವುದು ಆ ಮುಚ್ಚಳವನ್ನೇ.